ಬೆಚ್ಚಗಿನ ಕೋಣೆಯ ಫೋಟೊ

ನವೆಂಬರ್ 5, ಭಾನುವಾರ

ಕೊಡುತ್ತೇವೆ ಅಂದದ್ದು: ಇಟ್ಟಿಗೆ ಗೋಡೆಯ ಕೋಣೆ. ಅಡಿಯಿಂದ ಬಿಸಿಯಾಗುವ ನೆಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು. ಬಿಸಿನೀರು. ಮನೆಯೊಳಗೇ ಪಾಯಿಖಾನೆ. ಇದೆಲ್ಲ ಮೊದಲ ಇಬ್ಬನಿ ಹೆಪ್ಪುಗಟ್ಟುವುದರೊಳಗೆ.

ಕೊಟ್ಟದ್ದು: ಕಪ್ಪು ಬಲೆ ಹೊದಿಸಿದ ಪ್ಲಾಸ್ಟಿಕ್ಕಿನ ಪಾಲಿಹೌಸು. ಅದರೊಳಗೆ ಮಲಗಲೊಂದು ತಗಡಿನ ಡಬ್ಬ. ಕರೆಂಟಿನಿಂದ ಬಿಸಿಯಾಗುವ ಒಂದು ಹಾಸು. ಹೊರಗೆ ಗುಂಡಿಯ ಮೇಲೆ ಎರಡು ಹಲಗೆ. ಚಿಲಕ ಇಲ್ಲ.

ಇಬ್ಬನಿ ಈ ಬೆಳಗ್ಗೆ ಹೆಪ್ಪುಗಟ್ಟಿತು.

ಮಾತು ಕೊಟ್ಟವನು ಪ್ಯೊ. ನಮ್ಮೂರಿನ ಮುಖಂಡ, ಕೆನ್ನಿಪ್ ಸೊಪ್ಪು ಬೆಳೆಯುವ ಪಾಲಿಹೌಸುಗಳ ಧಣಿ. ಆ ಎಲೆಯಲ್ಲಿ ಮಾಂಸ ಸುತ್ತಿ ಇಡೀ ಕೊರಿಯಾ ಬಾಯಿಗಿಡುತ್ತದೆ. ಕುಕ್ಕರಗಾಲಲ್ಲಿ ಕೂತು ಅದನ್ನು ಕೀಳುವವರು ಕಾಂಬೋಡಿಯಾದ ಮೂವರು ಹೆಂಗಸರು. ಚಂತೂ ಅವರಲ್ಲಿ ದೊಡ್ಡವಳು. ಧಣಿಯ ಸಹಿ ಇಲ್ಲದೆ ಅವರು ಬೇರೆ ತೋಟಕ್ಕೆ ಹೋಗುವಂತಿಲ್ಲ. ಇರುವ ಜಾಗ ಮನುಷ್ಯರಿಗೆ ತಕ್ಕದ್ದಲ್ಲ ಎಂದು ಕಾರ್ಮಿಕ ಕಚೇರಿ ಬರೆದುಕೊಟ್ಟರೆ ಮಾತ್ರ ಸಹಿ ಬೇಡ. ಇದಕ್ಕೆ ಇಲ್ಲಿ ಕಾನೂನು ಅನ್ನುತ್ತಾರೆ. ಸಮುದ್ರದಾಚೆಯ ನನ್ನ ತವರು ನೆಗ್ರೋಸ್ ದ್ವೀಪದ ಕಬ್ಬಿನ ಗದ್ದೆಯಲ್ಲಿ ಸಂಘ ಕಟ್ಟಿದ ನನ್ನಪ್ಪ ಇದನ್ನು ಜೀತ ಅನ್ನುತ್ತಿದ್ದ. ನಾನೂ ಹಾಗೇ ಅನ್ನುತ್ತೇನೆ.

ನಾನು ಮರಿವಿಕ್. ಈ ಊರಿಗೆ ಸೊಸೆಯಾಗಿ ಬಂದೆ. ಗಂಡ ತೀರಿಹೋದ ಮೇಲೂ ಅತ್ತೆಯ ಜೊತೆ ಉಳಿದೆ, ಬ್ಲಾಗ್ ಬರೆಯುತ್ತಾ. ತಾಲೂಕು ಕಚೇರಿಯವರು ನನ್ನಂಥ ಐದು ಜನ ಹೊರದೇಶದವರನ್ನು ಹುಡುಕಿ ಬರಹಗಾರರ ಬಳಗ ಅಂತ ಮಾಡಿದ್ದಾರೆ. ಇಲ್ಲಿಯ ದಿನನಿತ್ಯದ ಬದುಕನ್ನು ಬರೆಯಿರಿ ಅಂದರು. ಬರೆದೆವು. ಸಂತೆ ಬರೆದೆವು, ಸಾರು ಬರೆದೆವು, ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ಬರೆದೆವು. ಪೇಟೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಐರಿಷ್ ಮೇಷ್ಟ್ರು ಡೆಕ್ಲನ್ ಅಂತೂ ಕಾಫಿ ಅಂಗಡಿಗಳ ಮೇಲೇ ಮೂರು ವರ್ಷ ಬರೆದಿದ್ದಾನೆ. ಕಾಫಿ ನೊರೆಯ ಮೇಲೆ ಬಾತುಕೋಳಿಯ ಚಿತ್ರ. ಅದಕ್ಕೆ ಸಾವಿರಾರು ಜನರ ಮೆಚ್ಚುಗೆ. ಥೂ.

ಎಲೆ ಕೀಳುವವಳ ಬದುಕು ದಿನನಿತ್ಯದ ಬದುಕಲ್ಲವೇ? ನಾಳೆ ಹೋಗಿ ಬರೆಯುತ್ತೇನೆ.

ನವೆಂಬರ್ 6, ಸೋಮವಾರ

ಹೋಗಿದ್ದೆ. ಚಂತೂ ತಗಡಿನ ಡಬ್ಬದೊಳಗೆ ಅನ್ನ ಬೇಯಿಸುತ್ತಿದ್ದಳು. ಉಸಿರು ಹೊಗೆಯಂತೆ ಕಾಣುತ್ತಿತ್ತು.

"ಬನ್ನಿ ಅಕ್ಕಾ, ಅರಮನೆಗೆ."

"ಕಿಟಕೀನೂ ಇಲ್ವಲ್ಲೇ ಇಲ್ಲಿ."

"ಕಿಟಕಿ ಯಾಕೆ? ಬಾಗಿಲು ಮುಚ್ಚಿ ನಿಲ್ಲಲ್ಲ, ಆಚೆ ಬರೀ ಪ್ಲಾಸ್ಟಿಕ್ಕು. ಹೊರಗೆ ಯಾರು ಹೋದ್ರೂ ಕಾಣತ್ತೆ. ಒಳಗೆ ಯಾರು ಬಟ್ಟೆ ಬಿಚ್ಚಿದ್ರೂ ಕಾಣತ್ತೆ."

ಇನ್ನಿಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗಲಾಗಲಿಲ್ಲ.

"ಫೋಟೊ ತಗೊಳ್ಳಲಾ? ನಿನಗೆ ತೊಂದರೆ ಆದೀತು."

"ತಗೊಳ್ಳಿ. ಇದಕ್ಕಿಂತ ತೊಂದರೆ ಎಲ್ಲಿ ಸಿಗತ್ತೆ, ಆ ಅಂಗಡೀನಾದ್ರೂ ತೋರಿಸಿ."

ತೆಗೆದೆ. ಹಲಗೆ, ಗುಂಡಿ, ಚಿಲಕವಿಲ್ಲದ ಬಾಗಿಲು, ಒಲೆಯ ಪಕ್ಕದ ಹಾಸು. ಬರೆದೆ. ಬಳಗದ ಬರಹವೆಲ್ಲ ಮೊದಲು ತಾಲೂಕು ಕಚೇರಿಯ ಅನುಮತಿಗೆ ಹೋಗಬೇಕು; ಇದನ್ನು ಕಳಿಸಲಿಲ್ಲ, ನೇರ ನನ್ನ ಬ್ಲಾಗಿಗೇ ಹಾಕಿದೆ. ಪ್ಯೊನ ಹೆಸರು ಹಾಕಲಿಲ್ಲ. ಹಾಕಬೇಕಾಗಿಯೂ ಇಲ್ಲ, ಊರಿಗೆಲ್ಲ ಗೊತ್ತು. ಯಾರ ಬೆವರಿನಿಂದ ನಿಮ್ಮ ತಟ್ಟೆ ತುಂಬಿದೆಯೋ ಅವರಿಗೊಂದು ಗೋಡೆ ಕಟ್ಟಿ ಕೊಡಲಾರಿರಾ ಎಂದು ಕೇಳಿದೆ.

ನವೆಂಬರ್ 8, ಬುಧವಾರ

ಓದುತ್ತಿದ್ದಾರೆ! ಸೋಲ್‌ನಿಂದ ಓದುತ್ತಿದ್ದಾರೆ, ಪುಸಾನ್‌ನಿಂದ ಓದುತ್ತಿದ್ದಾರೆ. ಹಾಳಾಗಿ ಹೋಗು ಅಂತ ಬೈದವರೂ ಇದ್ದಾರೆ, ನಿಮ್ಮ ದೇಶಕ್ಕೆ ಹೋಗು ಅಂದವರೂ ಇದ್ದಾರೆ. ನನ್ನ ದೇಶ ಇದೇ ಕಣ್ರಯ್ಯಾ, ಗುರುತಿನ ಚೀಟಿ ತೋರಿಸಲಾ?

ಡೆಕ್ಲನ್ ಒಂದು ಸಾಲು ಕಳಿಸಿದ: "ಅಕ್ಕ, ನನಗೆ ಇಷ್ಟು ಧೈರ್ಯ ಇಲ್ಲ."

ಗೊತ್ತು ಮೇಷ್ಟ್ರೇ. ನೀವು ಬಾತುಕೋಳಿ ನೋಡಿಕೊಳ್ಳಿ.

ನವೆಂಬರ್ 10, ಶುಕ್ರವಾರ

ಲೇಖನ ಮಾಯ. ಆ ಜಾಗದಲ್ಲಿ ಒಂದು ಬೂದು ಬಣ್ಣದ ಚೌಕ. ಯಾರೋ ಮಾನ ಹೋಯಿತೆಂದು ದೂರು ಕೊಟ್ಟರೆ ಸಾಕು, ಬ್ಲಾಗ್ ನಡೆಸುವ ಕಂಪನಿಯವರು ಮೂವತ್ತು ದಿನ ಮುಚ್ಚಿಡುತ್ತಾರೆ. ಆಮೇಲೆ ನಾನು ಕೇಳಿಕೊಂಡರೆ ಮತ್ತೆ ತೆರೆಯುತ್ತಾರಂತೆ. ಬರೆದದ್ದು ಸುಳ್ಳೋ ನಿಜವೋ ಯಾರೂ ಕೇಳುವುದಿಲ್ಲ. ಈ ದೇಶದಲ್ಲಿ ನಿಜ ಹೇಳಿಯೂ ಮಾನ ಕಳೆದ ಅಪರಾಧಕ್ಕೆ ಒಳಗೆ ಹೋಗಬಹುದು.

ತಾಲೂಕು ಕಚೇರಿಯ ಬಾಂಗ್ ಫೋನು ಮಾಡಿದ. ಬಳಗವನ್ನು ನೋಡಿಕೊಳ್ಳುವ ಗುಮಾಸ್ತ, ಸಣ್ಣ ವಯಸ್ಸು, ಬೆಣ್ಣೆಯಂಥ ಮಾತು.

"ಅಕ್ಕಾ, ಊಟ ಆಯ್ತಾ?"

"ನನ್ನ ಊಟದ ವಿಚಾರ ಬಿಡು. ಮುಚ್ಚಿಸಿದ್ದು ಯಾರು?"

"ಅಯ್ಯೋ, ನನಗೇನು ಗೊತ್ತಕ್ಕ. ಮುಖಂಡರಿಗೆ ಬೇಜಾರಾಗಿದೆ ಅಷ್ಟೆ. ಮೊದಲೇ ನನಗೊಂದು ಮಾತು ಹೇಳಿದ್ರೆ ನಾನೇ ಒಳಗೊಳಗೆ ಸರಿ ಮಾಡಿಸ್ತಿದ್ದೆ."

"ಒಳಗೊಳಗೆ ಮಾಡಿಸೋದು ನೀನು. ಹೊರಗೆ ನಡುಗೋದು ಅವರು."

ಅವನು ನಕ್ಕ. ನಾನು ಫೋನಿಟ್ಟೆ. ಹೋರಾಟ ಶುರುವಾಯಿತು. ಆಗಲಿ. ಚಂತೂ ಕೈಲಿ ಕಾರ್ಮಿಕ ಕಚೇರಿಗೆ ದೂರು ಹಾಕಿಸಿದೆ. ಡಿಸೆಂಬರ್ ಮೊದಲಲ್ಲಿ ಇನ್ಸ್‌ಪೆಕ್ಟರ್ ಬಂದು ಜಾಗ ನೋಡುತ್ತಾರಂತೆ. ಕಣ್ಣಿದ್ದವನು ಒಬ್ಬ ಬಂದರೆ ಸಾಕು.

ನವೆಂಬರ್ 15, ಬುಧವಾರ

ಅತ್ತೆ ಊರ ಮುದುಕಿಯರೆಲ್ಲ ಸೇರುವ ಹಿರಿಯರ ಮನೆಯಿಂದ ಬೇಗ ಬಂದರು. ದಿನಾ ಅಲ್ಲೇ ಊಟ, ಅಲ್ಲೇ ಹ್ವಾತು ಇಸ್ಪೀಟು, ಕತ್ತಲಾದ ಮೇಲೆ ಬರುವವರು.

"ಯಾಕತ್ತೆ, ಮೈಗೆ ಹುಷಾರಿಲ್ವಾ?"

"ಮೈಗೇನಾಗಿದೆ. ನನಗೆ ಎಲೆ ಹಾಕಲಿಲ್ಲ."

"ಏನು?"

"ಎಲೆ ಹಾಕಲಿಲ್ಲ ಕಣೇ! ಇಸ್ಪೀಟಿಗೆ ಸುತ್ತ ಕೂತಿದ್ರು, ಎಲ್ಲರಿಗೂ ಹಾಕಿದ್ರು, ನನ್ನನ್ನು ದಾಟಿಸಿ ಹಾಕಿದ್ರು. ನಾನೇನು ಕಂಬವಾ? ಪ್ಯೊನ ಚಿಕ್ಕಮ್ಮ ಅಂತಾಳೆ, ನಿಮ್ಮ ಸೊಸೆ ಫೋಟೊ ತೆಗೀತಾಳೇನೋ ನೋಡಿ, ನಾವು ಹರಿದ ಕಾಲುಚೀಲ ಹಾಕ್ಕೊಂಡಿದೀವಿ ಅಂತ."

"ಹೋಗಬೇಡಿ ಬಿಡಿ ಅಲ್ಲಿಗೆ."

"ಹೋಗದೆ? ಈ ಗೋಡೆ ಜೊತೆ ಆಡ್ಲಾ? ನಿನಗೆ ಬ್ಲಾಗಿದೆ. ನನಗೇನಿದೆ?"

ಹುರುಳಿಲ್ಲದ ಮುನಿಸು ಇದು, ನಾಲ್ಕು ದಿನಕ್ಕೆ ಇಳಿಯುತ್ತದೆ.

ನವೆಂಬರ್ 20, ಸೋಮವಾರ

ಇಳಿದಿಲ್ಲ. ಅತ್ತೆ ದಿನಾ ಹೋಗುತ್ತಾರೆ, ಎಲೆ ಇಲ್ಲದೆ ಕೂತು ಬರುತ್ತಾರೆ. ಈ ವಾರ ಊರಲ್ಲಿ ಕಿಮ್‌ಜಾಂಗ್, ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿ, ಹಾಕುವ ಕೆಲಸ. ಒಂದು ಮನೆಗೆ ಎಲ್ಲರೂ, ಮರುದಿನ ಇನ್ನೊಂದು ಮನೆಗೆ ಎಲ್ಲರೂ, ಮುಯ್ಯಾಳು. ನಮ್ಮ ಎಲೆಕೋಸು ಉಪ್ಪು ಹಾಕಿಸಿಕೊಂಡು ತೊಟ್ಟಿಯಲ್ಲಿ ಬಿದ್ದಿದೆ. ಯಾರೂ ಬರಲಿಲ್ಲ. ಅತ್ತೆಯ ಬೆರಳು ಮಡಚುವುದಿಲ್ಲ. ನಾನೊಬ್ಬಳೇ ಎಷ್ಟು ಹಚ್ಚಲಿ ಖಾರ?

ಚಂತೂಗೆ ಕೆಮ್ಮು. ಅಲ್ಲಿ ನೀರಿನ ಕೊಳವೆ ಹೆಪ್ಪುಗಟ್ಟಿದೆಯಂತೆ. ನೋಡಿಕೊಂಡು ಬರಬೇಕು.

ನವೆಂಬರ್ 24, ಶುಕ್ರವಾರ

ಬಾಂಗ್ ಒಂದು ಪೆಟ್ಟಿಗೆ ಕಿತ್ತಳೆ ಹಿಡಿದು ಮನೆಗೇ ಬಂದ. ಅತ್ತೆಗೆ ಮಂಡಿಯೂರಿ ನಮಸ್ಕಾರ ಮಾಡಿದ. ಅತ್ತೆಗೆ ಖುಷಿಯೋ ಖುಷಿ. ಎಷ್ಟು ದಿನವಾಯಿತು ಮನೆಗೊಬ್ಬರು ಬಂದು.

"ಅಕ್ಕಾ, ನಾಳೆ ಮುಖಂಡರ ಮನೇಲಿ ಕಿಮ್‌ಜಾಂಗ್. ಅವರ ಮನೆಯವರೇ ಹೇಳಿ ಕಳಿಸಿದಾರೆ, ಇಬ್ಬರೂ ಬರಬೇಕಂತೆ. ನೀವೊಂದು ಲೇಖನ ಬರೀರಿ. ಜಿಲ್ಲೆಯವರು ತಮ್ಮ ವೆಬ್‌ಸೈಟಿನ ಮುಖಪುಟದಲ್ಲಿ ಹಾಕ್ತೀವಿ ಅಂದಿದಾರೆ."

"ನನ್ನ ಲೇಖನ ಮುಚ್ಚಿಸಿದ ಮನೆಗೆ ನಾನು ಹೋಗಿ ಹೊಗಳಿ ಬರೀಲಾ?"

"ಹೊಗಳಬೇಡಿ. ಕಂಡದ್ದು ಬರೀರಿ. ಕಾಂಬೋಡಿಯಾದ ಹುಡುಗೀರೂ ಬರ್ತಾರೆ."

ಅವರೂ ಬರುತ್ತಾರೆ ಅಂದರೆ ಬೇರೆ ಮಾತು. ಅವರನ್ನು ಆ ಮನೆಯ ಹೊಸ್ತಿಲು ದಾಟಿಸುವುದೂ ಒಂದು ಹೆಜ್ಜೆಯೇ. ಅಪ್ಪನೂ ಧಣಿಯ ಮನೆಯ ಮಾತುಕತೆಗೆ ಹೋಗುತ್ತಿದ್ದ. ಅಲ್ಲಿ ನೀರೂ ಮುಟ್ಟುತ್ತಿರಲಿಲ್ಲ ಅನ್ನುವುದು ಬೇರೆ.

ನವೆಂಬರ್ 25, ಶನಿವಾರ

ಸೊಂಟ ಬಿದ್ದುಹೋಗಿದೆ, ಆದರೂ ಬರೆಯುತ್ತೇನೆ. ಅಂಗಳದ ತುಂಬ ಕೆಂಪು ಕೈಗಳು. ಪ್ಯೊನ ಹೆಂಡತಿ ಖಾರ ಹಚ್ಚಿದ ಎಸಳು ಸುರುಳಿ ಸುತ್ತಿ ನನ್ನ ಬಾಯಿಗೇ ಇಟ್ಟಳು. "ಉಪ್ಪು ಸಾಕಾ ನೋಡಮ್ಮ. ನಿನ್ನ ನಾಲಿಗೆ ಸರಿ ಇದೆ." ಎಲ್ಲರೂ ನೋಡುತ್ತಿದ್ದರು. ತಿಂದೆ. ಸಾಕು ಅಂದೆ. ಅಲ್ಲಿಂದ ಎಲ್ಲ ಸರಾಗ. ಅತ್ತೆಯನ್ನು ಬಿಸಿಲು ಬೀಳುವ ಜಾಗದಲ್ಲಿ ಕೂರಿಸಿದರು. ಪ್ಯೊನ ಚಿಕ್ಕಮ್ಮ ಅವರ ಬೆನ್ನಿಗೆ ಗುದ್ದಿ, "ಏ ಮುದುಕಿ, ಕಿಮ್ಚಿ ಮುಗಿದ ಮೇಲೆ ಒಂದು ಕೈ ಆಡೋಣ್ವಾ? ಕಳೆದ ತಿಂಗಳು ಮೋಸ ಮಾಡಿ ಗೆದ್ದಿದೀಯ" ಅಂದಳು. ಅತ್ತೆ ಮುಖ ಮಗುವಿನ ಹಾಗಾಯಿತು.

ಮಧ್ಯಾಹ್ನ ಹೊಸ ಕಿಮ್ಚಿ, ಬೇಯಿಸಿದ ಹಂದಿಮಾಂಸ. ಚಂತೂ ಕೆಮ್ಮುತ್ತಿದ್ದಳು. ಪ್ಯೊನೇ ಹೇಳಿದ: "ಪಾಪ, ಆ ಮಕ್ಕಳನ್ನು ಒಳಗೆ ಕೂರಿಸ್ರೋ." ಅತಿಥಿ ಕೋಣೆಯ ನೆಲ ಕಾದು ಬೆಚ್ಚಗಿತ್ತು. ಮೂವರೂ ದಪ್ಪ ಹೊದಿಕೆಯೊಳಗೆ ಕಾಲು ಚಾಚಿ ಕೂತರು. ಪ್ಯೊನ ಹೆಂಡತಿ ಅವರ ಕೋಟುಗಳನ್ನು ಗೋಡೆಯ ಮೊಳೆಗೆ ತೂಗುಹಾಕಿದಳು, ಚೀಲಗಳನ್ನು ಮೂಲೆಯಲ್ಲಿ ಸಾಲಾಗಿ ಇಟ್ಟಳು. ಕಿಟಕಿಯಿಂದ ಒಳ್ಳೆ ಬೆಳಕು. ಚಂತೂ ಬಿಸಿ ಮಾಂಸ ಬಾಯಿಗಿಟ್ಟು ಕಣ್ಣು ಮುಚ್ಚಿ ನಕ್ಕಳು. ಆ ಕ್ಷಣವೇ ಸಿಕ್ಕಿತು ಫೋಟೊ. ಇಷ್ಟು ಒಳ್ಳೆಯ ಫೋಟೊ ನಾನು ತೆಗೆದೇ ಇಲ್ಲ.

ನವೆಂಬರ್ 27, ಸೋಮವಾರ

ಲೇಖನ ಬಾಂಗ್‌ಗೆ ಕಳಿಸಿದೆ. 'ನಮ್ಮೂರ ಬೆಚ್ಚಗಿನ ಕೋಣೆ' ಅಂತ ಹೆಸರಿಟ್ಟಿದ್ದೇನೆ. ಕೊನೆಯಲ್ಲಿ ಒಂದು ಸಾಲಿತ್ತು: ಊಟವಾದ ಮೇಲೆ ಮೂವರೂ ತಮ್ಮ ಪಾಲಿಹೌಸಿನ ಡಬ್ಬಕ್ಕೆ ಹಿಂದಿರುಗಿದರು.

ಬಾಂಗ್ ಫೋನು: "ಅಕ್ಕಾ, ಓದಿ ಕಣ್ಣಲ್ಲಿ ನೀರು ಬಂತು. ಆ ಕೊನೆ ಸಾಲು ಒಂದು... ಇಷ್ಟು ಹೊತ್ತು ಬೆಚ್ಚಗೆ ಕೂರಿಸಿ, ಓದೋರನ್ನ ಹೊರಗೆ ತಳ್ಳಿದ ಹಾಗೆ ಇದೆ."

ಅದೇ ಉದ್ದೇಶ ಅಂದೆ. ಅವನು ವಾದ ಮಾಡಲಿಲ್ಲ, ನೀವು ಹಿರಿಯರು, ನಿಮ್ಮಿಷ್ಟ ಅಂದ. ಮತ್ತೆ ಓದಿ ನೋಡಿದೆ. ಕಲೆಯ ದೃಷ್ಟಿಯಿಂದ ನೋಡಿದರೆ ಅವನ ಮಾತಿನಲ್ಲೂ ಅರ್ಥವಿದೆ. ಲೇಖನ ನಗುವಿನಲ್ಲೇ ಚೆನ್ನಾಗಿ ಮುಗಿಯುತ್ತದೆ. ತೆಗೆದೆ. ಹಾಗೇ ನನ್ನ ಬ್ಲಾಗಿಗೂ ಹಾಕಿದೆ. ಉಳಿದದ್ದರಲ್ಲಿ ಒಂದು ಸುಳ್ಳೂ ಇಲ್ಲ.

ಅತ್ತೆ ಹ್ವಾತುವಿನಲ್ಲಿ ಗೆದ್ದು ಬಂದರು.

ಡಿಸೆಂಬರ್ 1, ಶುಕ್ರವಾರ

ಇನ್ಸ್‌ಪೆಕ್ಟರ್ ಬಂದು ಹೋದರಂತೆ. ನಾನು ಜಿಲ್ಲಾ ಕಚೇರಿಯಲ್ಲಿದ್ದೆ, ಲೇಖನ ಮುಖಪುಟದಲ್ಲಿ ಬಂದದ್ದಕ್ಕೆ ಹೂಗುಚ್ಛ ಕೊಟ್ಟರು. ದಿನ ಮೊದಲೇ ನಿಗದಿಯಾಗಿತ್ತು, ಏನು ಮಾಡಲಿ. ಸಂಜೆ ಬಸ್ಸಿಳಿದಾಗ ಚಂತೂ ಸ್ಟಾಪಿನಲ್ಲೇ ನಿಂತಿದ್ದಳು.

"ಏನಾಯ್ತೇ?"

"ಪ್ಯೊ ಯಜಮಾನ್ರು ಅವರ ಮನೆ ಕೋಣೆ ತೋರಿಸಿದ್ರು. ಇಲ್ಲೇ ಇರೋದು ಇವರು, ಪಾಲಿಹೌಸಲ್ಲಿ ಇರೋದು ಎಲೆ ಕಟ್ಟೋ ಸಾಮಾನು ಅಂದ್ರು."

"ನೀನು ಇಲ್ಲ ಅನ್ನಲಿಲ್ವಾ?"

"ಅಂದೆ. ಇನ್ಸ್‌ಪೆಕ್ಟರು ಫೋನಲ್ಲಿ ನಿಮ್ಮ ಬ್ಲಾಗು ತೆಗೆದು ತೋರಿಸಿದ್ರು. ಇದು ನೀನೇ ಅಲ್ವಾ ಅಂದ್ರು. ನಾನೇ ಅಂದೆ. ಆ ಕೋಟು ನಿನ್ನದಲ್ವಾ ಅಂದ್ರು. ನಂದೇ ಅಂದೆ. ನಗ್ತಾ ಇದೀಯಲ್ಲ ಅಂದ್ರು. ಮಾಂಸ ಬಿಸಿ ಇತ್ತು, ನಕ್ಕೆ ಅಂದೆ." ಕೆಮ್ಮಿ ಸಾವರಿಸಿಕೊಂಡು ಕೇಳಿದಳು: "ಅಕ್ಕಾ, ಅವತ್ತು ಸಂಜೆ ನಾವು ವಾಪಸ್ ಹೋದದ್ದು ನೀವು ನೋಡಿದ್ರಲ್ಲಾ?"

"ನೋಡಿದ್ದೆ."

"ಅದನ್ನು ಬರೆಯಕ್ಕೆ ಜಾಗ ಇರಲಿಲ್ವಾ?"

ವಸತಿ ಸರಿಯಿದೆ ಎಂದು ಬರೆದುಹೋಗಿದ್ದಾರೆ. ಇನ್ನು ಪ್ಯೊ ಅವರ ಸಹಿ ಇಲ್ಲದೆ ಅವಳು ಎಲ್ಲಿಗೂ ಹೋಗುವಂತಿಲ್ಲ.

ಅಧಿಕಾರಿಗಳು ಒಂದು ಫೋಟೊ ನೋಡಿ ತೀರ್ಮಾನಿಸಿದರೆ ಅದು ಅಧಿಕಾರಿಗಳ ತಪ್ಪು. ಫೋಟೊ ಏನು ಮಾಡುತ್ತದೆ? ನಾನು ಕೋಣೆ ಬೆಚ್ಚಗಿದೆ ಎಂದು ಬರೆದೆ, ಅವರದು ಎಂದು ಎಲ್ಲೂ ಬರೆದಿಲ್ಲ.

ಡಿಸೆಂಬರ್ 6, ಬುಧವಾರ

ಕಚೇರಿಯಲ್ಲಿ ಬಳಗದ ಸಭೆ. ಡೆಕ್ಲನ್ ಎಲ್ಲರೆದುರು ಎದ್ದು ನಿಂತ. ಅವನ ಕೊರಿಯನ್ ಕೇಳಿದರೆ ಕಲ್ಲೂ ನಗಬೇಕು, ಆದರೆ ಯಾರೂ ನಗಲಿಲ್ಲ.

"ಅಕ್ಕಾ, ಆ ಲೇಖನ ತೆಗೆದುಹಾಕಿ. ಇಲ್ಲಾಂದ್ರೆ ಅವರು ಅವತ್ತು ವಾಪಸ್ ಹೋದ್ರು ಅಂತ ಒಂದು ಸಾಲು ಸೇರಿಸಿ."

"ಈಗ ತೆಗೆದರೆ ಸುಳ್ಳು ಬರೆದೆ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಊರಿನ ಮಾನ ಏನಾಗುತ್ತೆ?"

"ಊರಿನ ಮಾನ?" ಅಂದ. "ನೀವಾ ಇದು ಹೇಳ್ತಿರೋದು?"

"ಮೇಷ್ಟ್ರೇ, ನಿಮಗೆ ಒಪ್ಪಂದ ಮುಗಿದರೆ ವಿಮಾನ ಇದೆ. ನಾವು ಇಲ್ಲೇ ಬಾಳಬೇಕು."

ಬಾಂಗ್ ಎಲ್ಲರಿಗೂ ಕಾಫಿ ತಂದ. ಡೆಕ್ಲನ್ ಕುಡಿಯಲಿಲ್ಲ. ನಾಟಕ.

ಡಿಸೆಂಬರ್ 10, ಭಾನುವಾರ

ಮೂವತ್ತು ದಿನ ಮುಗಿಯಿತು. ಮುಚ್ಚಿಟ್ಟ ಲೇಖನ ಮತ್ತೆ ತೆರೆಯಬೇಕೇ ಎಂದು ಕಂಪನಿಯವರ ಮೇಲ್. ಹೌದು ಅಂತ ಒತ್ತಬೇಕಂತೆ. ನಾಳೆ ನೋಡೋಣ.

ಡಿಸೆಂಬರ್ 11, ಸೋಮವಾರ

ಮತ್ತೆ ಓದಿದೆ ಅದನ್ನು. ತುಂಬ ಸಿಟ್ಟಿನ ಬರಹ. ಮಾತು ಒರಟು, ವಾಕ್ಯಗಳು ಕಿರುಚುತ್ತವೆ. ಒತ್ತಲಿಲ್ಲ.

ಡಿಸೆಂಬರ್ 21, ಗುರುವಾರ

ವಿಪರೀತ ಚಳಿ. ತೊಟ್ಟಿ ಒಡೆಯಿತು. ಅತ್ತೆ ಪ್ಯೊ ಅವರ ಮನೆಯಿಂದ ಬಂದ ಕಿಮ್ಚಿ ತೆಗೆದು ಸಾರು ಮಾಡಿದರು. ಚೆನ್ನಾಗಿ ಹುಳಿ ಬಂದಿದೆ. ಅದರ ಮೇಲೊಂದು ಲೇಖನ ಬರೆಯಬಹುದು.

ಚಂತೂ ಫೋನು ಮಾಡಿದ್ದಳು. ಕೈಯಲ್ಲಿ ಕಿಮ್ಚಿ ಖಾರ ಇತ್ತು, ಎತ್ತಲಾಗಲಿಲ್ಲ.

ಜನವರಿ 3, ಬುಧವಾರ

ಡೆಕ್ಲನ್ ತನ್ನ ಬ್ಲಾಗಿನಲ್ಲಿ ಬರೆದಿದ್ದಾನೆ. ಪಾಲಿಹೌಸಿನ ಫೋಟೊ, ಗುಂಡಿಯ ಹಲಗೆ, ಚಂತೂಳ ಕೈಬೆರಳು. ಚಳಿಗೆ ಸತ್ತು ಕಪ್ಪಾದ ತುದಿಗಳು. ಅದರ ಪಕ್ಕದಲ್ಲಿ ನನ್ನ ಫೋಟೊ ಇಟ್ಟು, ಎರಡೂ ಒಂದೇ ಹೆಂಗಸು ಎಂದು ಒಂದೇ ಸಾಲು. ಕಾಫಿ ಮೇಷ್ಟ್ರು ಇಷ್ಟು ಕಟುವಾಗಿ ಬರೆಯುವವನೆಂದು ಗೊತ್ತಿರಲಿಲ್ಲ.

ನನಗೊಂದು ಮಾತು ಕೇಳಬಹುದಿತ್ತು. ಬೆರಳಿನ ವಿಷಯ ನನಗೆ ಯಾರೂ ಹೇಳಲೇ ಇಲ್ಲ. ಆತುರದ ಬರಹ. ಒಳಗೊಳಗೆ ಕೂತು ಮಾತಾಡಿದ್ದರೆ ಸರಿಹೋಗುತ್ತಿತ್ತು.

ಹಿರಿಯರ ಮನೆಯಲ್ಲಿ ಎಲ್ಲರಿಗೂ ಬೇಜಾರು. ನಾನೇ ಕಲ್ಲಂಗಡಿ ಹಣ್ಣಿನ ಹಾಗೆ ಹೊರಗೊಂದು ಒಳಗೊಂದು ಅಂತ ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದಾರಂತೆ. ಪ್ಯೊ ಅವರು ನನ್ನನ್ನು ಕರೆದು, "ತಲೆ ಕೆಡಿಸ್ಕೋಬೇಡಮ್ಮ, ನೀನು ನಮ್ಮವಳು" ಅಂದರು. ಈ ಊರಿಗೆ ಬಂದಾಗಿನಿಂದ ಯಾರೂ ಆ ಮಾತು ಅಂದಿರಲಿಲ್ಲ. ಗಂಡನೂ.

ಜನವರಿ 9, ಮಂಗಳವಾರ

ಡೆಕ್ಲನ್‌ನ ಲೇಖನವೂ ಬೂದು ಚೌಕವಾಗಿದೆ. ಶಾಲೆಯವರು ಅವನ ಒಪ್ಪಂದ ಮುಂದುವರಿಸುವುದಿಲ್ಲವಂತೆ. ತಿಂಗಳ ಕೊನೆಗೆ ಹೊರಡುತ್ತಾನೆ. ಪಾಪ ಅನಿಸಿತು. ಒಳ್ಳೆಯ ಹುಡುಗ, ಇಲ್ಲಿಯ ರೀತಿ ತಿಳಿಯಲಿಲ್ಲ.

ಜನವರಿ 16, ಮಂಗಳವಾರ

ಬಾಂಗ್ ಸಿಹಿ ಸುದ್ದಿ ಕೊಟ್ಟರು. ಈ ವರ್ಷ ಬಳಗಕ್ಕೆ ನಾನೇ ಮುಖ್ಯಸ್ಥೆ. ಸ್ಟ್ರಾಬೆರಿ ಹಬ್ಬಕ್ಕೆ ಯಾರು ಏನು ಬರೆಯಬೇಕೆಂದು ಹಂಚುವ ಕೆಲಸ ನನ್ನದು. ಅನುಮತಿಗೆ ಬರುವ ಬರಹಗಳನ್ನು ಮೊದಲು ನಾನೇ ನೋಡಬೇಕು. ಹೊಸದಾಗಿ ಸೇರಿದ ಉಜ್ಬೆಕ್ ಹುಡುಗಿಯ ಬರಹ ಈಗಲೇ ಬಂದಿದೆ. ಕೈ ಚೆನ್ನಾಗಿದೆ, ಆದರೆ ಕೊನೆಯ ಭಾಗ ಸ್ವಲ್ಪ ಕಹಿ. ಮೆತ್ತಗೆ ಹೇಳಬೇಕು.

ಮಧ್ಯಾಹ್ನ ಡೆಕ್ಲನ್‌ನ ಸಂದೇಶ ಬಂತು. ಚಂತೂಳ ಮೇಲ್ಮನವಿಯ ವಿಚಾರಣೆ ನಗರದ ಕಾರ್ಮಿಕ ಕಚೇರಿಯಲ್ಲಿ, ಗುರುವಾರ ಮೂರು ಗಂಟೆಗಂತೆ. "ಫೋಟೊ ತೆಗೆದವರು ಬಂದು ಆ ಕೋಣೆ ಅವರದಲ್ಲ ಅಂತ ಹೇಳಿದರೆ ಆ ತೀರ್ಮಾನ ಬೀಳುತ್ತೆ, ಅವಳು ಬೇರೆ ತೋಟಕ್ಕೆ ಹೋಗಬಹುದು. ಒಂದೇ ಒಂದು ವಾಕ್ಯ. ಬೇರೆ ಯಾರು ಹೇಳಿದರೂ ನಡೆಯಲ್ಲ. ಇದು ಕೊನೆ ಅವಕಾಶ ಅಕ್ಕಾ." ಅದರ ಕೆಳಗೆ ಚಂತೂ ತಾನೇ ಬರೆದ ಸಾಲು, ಅಕ್ಷರ ಡೊಂಕು ಡೊಂಕು: ಅಕ್ಕ ಬರ್ತಾರೆ ಅಂತ ಅವರಿಗೆ ಹೇಳಿದೀನಿ.

ನನ್ನನ್ನು ಕೇಳದೆ ಹೇಳಬಾರದಿತ್ತು. ಗುರುವಾರವೇ ಬೀಳಬೇಕೇ ಇದೂ.

ಅತ್ತೆ ನನ್ನ ಕೋಟಿಗೆ ಇಸ್ತ್ರಿ ಹಾಕಿಟ್ಟಿದ್ದಾರೆ. ಸ್ಟ್ರಾಬೆರಿ ತೋಟದ ಫೋಟೊಗಳನ್ನು ಆರಿಸಿ ಇಟ್ಟುಕೊಂಡೆ.

ಬಳಗದ ಮುಂದಿನ ಸಭೆ: ಜನವರಿ 18, ಗುರುವಾರ, ಮಧ್ಯಾಹ್ನ ಮೂರು ಗಂಟೆ, ತಾಲೂಕು ಕಚೇರಿ, ಮೂರನೆಯ ಮಹಡಿ.